ರಂಗನತಿಟ್ಟಿನಲ್ಲಿ ಎರಡನೆಯ ಕ್ಯಾಮೆರಾ

ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು, ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಫೆಬ್ರವರಿಯಲ್ಲಿ ತಮ್ಮನ ಮಗನೊಡನೆ ಅಲ್ಲಿಗೆ ಹೋಗಿದ್ದೆನು. 400 ಮಿಲಿಮೀಟರ್ ಮಸೂರದಲ್ಲಿ ಅವನು ದೂರದ ಮರದ ಹೆಜ್ಜಾರ್ಲೆಯನ್ನು ನೋಡುತ್ತಿರುವಾಗಲೇ ದೋಣಿಯ ಪಕ್ಕದ ಬಂಡೆಯಿಂದ ಮೊಸಳೆಯೊಂದು ನೀರಿಗಿಳಿಯಿತು. ಮಸೂರ ಬದಲಿಸುವಷ್ಟರಲ್ಲಿ ಅಲೆಗಳಷ್ಟೇ ಉಳಿದಿದ್ದವು. ಹುಡುಗನ ಮುಖ ಬಾಡಿತು.

“ದೊಡ್ಡಪ್ಪ, ಇನ್ನೊಂದು ಕ್ಯಾಮೆರಾ ತೆಗೆದುಕೊಳ್ಳಲೇಬೇಕು. ಯಾವುದು ಆದೀತು?” ಎಂದನು. ಕೈಯಲ್ಲಿ ಹಣ ಹೆಚ್ಚಿರಲಿಲ್ಲ. ಅವನಲ್ಲಿದ್ದುದು ಫುಲ್ ಫ್ರೇಮ್ ಕ್ಯಾಮೆರಾ. ಅದೇ ಮಸೂರಗಳು ಕೂಡುವ, ಸಾಧ್ಯವಾದರೆ ಅದೇ ಬ್ಯಾಟರಿಯ, ಚಿಕ್ಕ ಸೆನ್ಸರಿನದು ಸಾಕೆಂದೆನು. ಉದ್ದಗಲಗಳಲ್ಲಿ ಒಂದೂವರೆ ಪಟ್ಟು ಕಿರಿದಾದ ಆ ಸೆನ್ಸರಿನಲ್ಲಿ 400ರ ಮಸೂರವು 600ರ ನೋಟವನ್ನು ಕೊಡುವುದು. ಹಕ್ಕಿಗೆ ಅದು, ಹತ್ತಿರದ ಮೊಸಳೆಗೂ ಮುಂಜಾವಿನ ಮಂದ ಬೆಳಕಿಗೂ ಹಳೆಯದು. ಗುಂಡಿಗಳ ಜೋಡಣೆಯೂ ಎರಡರಲ್ಲಿ ಒಂದೇ ಬಗೆಯಿರಬೇಕು. ಬೆರಳು ತಡಕಾಡುವಾಗ ಹಕ್ಕಿ ಕಾಯುವುದಿಲ್ಲ. ಅಂಗಡಿಯವರ ಮೆಗಾಪಿಕ್ಸೆಲ್ ವರ್ಣನೆ ನನಗಂತೂ ರುಚಿಸಲಿಲ್ಲ.

ಕೊನೆಗೆ ಬಳಸಿದ ಕ್ಯಾಮೆರಾವೊಂದನ್ನೇ, ಶಟರ್ ಎಷ್ಟು ಸಾವಿರ ಸಲ ಓಡಿದೆಯೆಂದು ವಿಚಾರಿಸಿ ಕೊಂಡನು. ಮಾರ್ಚಿಯಲ್ಲಿ ಮತ್ತೆ ದೋಣಿಯೇರಿದೆವು. ಮೊಸಳೆ ಅದೇ ಬಂಡೆಯ ಮೇಲೆ ಬಾಯಿ ತೆರೆದು ಮಲಗಿತ್ತು.