ಎಮ್ಮೆ ಇರಲಿ

ಈ ಬೇಸಿಗೆಯಲ್ಲಿ ನಮ್ಮ ಮನೆಯ ಎಮ್ಮೆಯನ್ನು ಮಾರುವ ಮಾತು ಎರಡು ಸಲ ಬಂತು. ಅಮ್ಮಿ ಬೈಲಹೊಂಗಲದ ಓಣಿಗಳಲ್ಲಿ ಮೊಸರು ಮಾರುತ್ತಾಳೆ. ಪ್ಯಾಕೆಟ್ ಮೊಸರು ಬಂದ ಮೇಲೆ ಗಿರಾಕಿಗಳು ಕಡಿಮೆಯಾಗಿದ್ದಾರೆ. ನನ್ನ ಕಾಲೇಜು ಫೀ ಬರುವುದೂ ಆ ಮೊಸರಿನಿಂದಲೇ.

ಅದೇ ದಿನಗಳಲ್ಲಿ ಗೆಳತಿಯರೊಂದಿಗೆ ಬೆಳಗಾವಿಗೆ ಹೋದಾಗ ಟಿಳಕವಾಡಿಯಲ್ಲಿ ಫ್ರೋಜನ್ ಯೋಗರ್ಟ್ ತಿಂದೆವು. ಒಂದು ಕಪ್ಪಿನ ಬೆಲೆಗೆ ಅಮ್ಮಿ ಎರಡು ಲೀಟರ್ ಮೊಸರು ಕೊಡುತ್ತಾಳೆ. ಬಾಯಿಗಿಟ್ಟರೆ ನಮ್ಮ ಮನೆಯದೇ ಹುಳಿ! ಅಮೆರಿಕದಲ್ಲಿ 1970ರ ದಶಕದಲ್ಲಿ ಇದರ ಮಾರಾಟ ಶುರುವಾಯಿತಂತೆ. ಗಾಳಿ ಸೇರುವಂತೆ ಕಡೆಯುತ್ತಲೇ ತಂಪು ಮಾಡಿದರೆ ಮೊಸರು ಕಲ್ಲಾಗದೆ ಮೆತ್ತಗಿರುತ್ತದೆ. ಚಳಿಗೆ ಮೊಸರಿನ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುವುದಿಲ್ಲ, ನಿದ್ದೆ ಹೋಗುತ್ತವೆ ಎಂದು ಜೀವಶಾಸ್ತ್ರದ ಮೇಡಂ ಹೇಳಿದರು.

ಶ್ರೀಖಂಡಕ್ಕೆ ಕಟ್ಟುವಂತೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದೆ. ಸಕ್ಕರೆ, ಏಲಕ್ಕಿ ಬೆರೆಸಿ ಪಕ್ಕದ ಮನೆಯ ಫ್ರಿಜ್ಜಿನಲ್ಲಿಟ್ಟೆ. ಅರ್ಧ ಗಂಟೆಗೊಮ್ಮೆ ತೆಗೆದು ಕಡೆದೆ. ಅಮ್ಮಿ ಒಂದು ಚಮಚ ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಬ್ಬಾನ ಕಡೆ ನೋಡಿ, “ಎಮ್ಮೆ ಇರಲಿ” ಅಂದಳು.

ಈಗ ಪ್ರತಿ ಭಾನುವಾರ ಹತ್ತು ಕಪ್ ಮಾಡುತ್ತೇವೆ. ಓಣಿಯ ಹುಡುಗರು ಬಂದು ತಿನ್ನುತ್ತಾರೆ. ಲಾಭ ಸಣ್ಣದು. ಆದರೆ ಎಮ್ಮೆಯ ಹಿಂಡಿಯ ಖರ್ಚಿಗೆ ಅಬ್ಬಾ ಈಗ ಸಾಲ ಕೇಳುವುದಿಲ್ಲ.