ಬರೇ ನೋಡಲು ಬಂದವರು

ನಲ್ವತ್ತು ಸೀರೆ ಬಿಚ್ಚಿಸಿ, ಕೊನೆಗೆ ‘ಬರ್ತೀವ್ರಿ’ ಎಂದು ಎದ್ದು ಹೋಗುವ ಗಿರಾಕಿಗಳನ್ನು ನೀವೂ ನೋಡಿರಬಹುದು. ನೀವೇ ಒಮ್ಮೆ ಹಾಗೆ ಎದ್ದು ಹೋಗಿರಲೂಬಹುದು. ನಾನಂತೂ ಹೋಗಿದ್ದೇನೆ. ಆದರೆ ಬಿಚ್ಚಿದ ಸೀರೆಗಳನ್ನು ಮತ್ತೆ ಮಡಚುವ ಕಷ್ಟ ಏನೆಂದು ನನಗೆ ತಿಳಿದದ್ದು 2002ರಲ್ಲಿ, ಇಳಕಲ್‌ನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಮದ್ರಸದ ಓದು ಮುಗಿದಿತ್ತು, ಬಿ.ಎ. ಪದವಿಯೂ ಕೈಗೆ ಬಂದಿತ್ತು. ಆಗ ಹಳೆಯ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಹೋಗುತ್ತಿದ್ದ ಕಾಲ. ಅಲ್ಲಿನ ಶಾಲೆಗಳಿಗೆಲ್ಲ ಅರ್ಜಿ ಹಾಕಿ ಸೋತಿದ್ದೆ. ಅಬ್ಬಾ ಹಾಸಿಗೆ ಹಿಡಿದಿದ್ದರು. ಹೆಂಗಸರಿಗೆ ಸೀರೆ ತೋರಿಸಲು ಒಬ್ಬ ಹುಡುಗಿ ಬೇಕಾಗಿದ್ದಾಳೆಂದು ತಿಳಿದಾಗ, ಹುನಗುಂದದಿಂದ ದಿನಾ ಬಸ್ಸು ಹತ್ತತೊಡಗಿದೆ. ‘ಆಲಿಮಾ ಆದವಳು ಅಂಗಡಿಯಲ್ಲಿ ನಿಲ್ಲುವುದೇ?’ ಎಂದು ಕೇಳಿದವರಿದ್ದರು. ಅವರಲ್ಲಿ ಯಾರೂ ನಮ್ಮ ಮನೆಗೆ ಅಕ್ಕಿ ತಂದುಕೊಡಲಿಲ್ಲ.

ಗಿರಾಕಿಗಳಲ್ಲಿ ಎಂಥೆಂಥವರು! ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬರುವ ಒಬ್ಬರಿದ್ದರು. ಬೋಣಿಯ ಗಿರಾಕಿಯನ್ನು ಬರಿಗೈಲಿ ಕಳಿಸುವುದಿಲ್ಲವೆಂದು ಅವರಿಗೆ ಗೊತ್ತು. ಅರ್ಧ ಬೆಲೆಗೆ ಕೇಳಿ ಕದಲದೆ ಕೂರುತ್ತಿದ್ದರು. ಬಣ್ಣ ಬಿಡುತ್ತದೆಯೋ ಎಂದು ಬೆರಳಿಗೆ ಎಂಜಲು ಹಚ್ಚಿ ದಡಿ ಉಜ್ಜುವವರು, ರೇಷ್ಮೆ ಹೌದೋ ಅಲ್ಲವೋ ಎಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟು ನೋಡುವವರು! ಮದುವೆಯ ಜವಳಿಗೆ ಹನ್ನೊಂದು ಜನ ಬಂದು ಎರಡು ತಾಸು ಆರಿಸಿದ ಸೀರೆಯನ್ನು, ಅಲ್ಲಿಯವರೆಗೆ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ, ‘ಈ ಬಣ್ಣ ನಮ್ಮ ಮನೆತನಕ್ಕ ಆಗಿ ಬರಂಗಿಲ್ಲ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೂ ಉಂಟು. ಮದುವೆ ಮುಗಿದ ಮೇಲೆ ಅರಿಶಿನದ ಕಲೆಯ ಸಮೇತ ಸೀರೆ ವಾಪಸು ತಂದು, ‘ಕೊಟ್ಟಾಗನ ಹಿಂಗಿತ್ತು’ ಎಂದ ಮಹಾತಾಯಿಯನ್ನು ನಾನು ಈಗಲೂ ಮರೆತಿಲ್ಲ. ಆ ಸೀರೆಯ ಹಣದಲ್ಲಿ ಅರ್ಧ ನನ್ನ ಸಂಬಳದಿಂದ ಹೋಯಿತು.

ಈಗ ಹೆಣ್ಣುಮಕ್ಕಳಿಗೆ ಸೂರಾ ಮುತಫ್ಫಿಫೀನ್ ಕಲಿಸುವಾಗ ಆಕೆ ನೆನಪಾಗುತ್ತಾರೆ. ಆ ಸೂರಾದ ಎಚ್ಚರಿಕೆ ತಕ್ಕಡಿ ಹಿಡಿದ ವ್ಯಾಪಾರಿಗೆ ಮಾತ್ರ ಎಂದು ಮಕ್ಕಳು ತಿಳಿದಿರುತ್ತಾರೆ. ಆದರೆ ಅಲ್ಲಿ ಹೇಳಿರುವುದು, ತಾನು ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿತ ಮಾಡುವವರ ಬಗ್ಗೆ. ಗಿರಾಕಿಯೂ ಹಾಗೆ ಮಾಡಬಲ್ಲಳು.

ಮಧ್ಯೆ ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿಯ ಮಾಮೂ ತಮ್ಮ ಖಾನಾವಳಿಗೆ ಕರೆಸಿಕೊಳ್ಳುತ್ತಿದ್ದರು. ನಾನು, ಮುಮಾನಿ ಒಳಗೆ ರೊಟ್ಟಿ ಬಡಿಯುವುದು, ಮಾಮೂ ಹೊರಗೆ ಬಡಿಸುವುದು. ಏಳು ರೊಟ್ಟಿ ತಿಂದು ಐದಕ್ಕೆ ಲೆಕ್ಕ ಹೇಳುವವರನ್ನು ಪರದೆಯ ಸಂದಿಯಿಂದ ನೋಡಿ ನಗುತ್ತಿದ್ದೆವು. ಒಮ್ಮೆ ಮಾತ್ರ ನಗು ಬರಲಿಲ್ಲ. ಒಂದು ಕುಟುಂಬ ಊಟಕ್ಕೆ ಕುಳಿತು, ತಾಟಿನಲ್ಲಿ ರೊಟ್ಟಿ, ಎಣಗಾಯಿ ಬಿದ್ದ ಮೇಲೆ, ಗೋಡೆಯ ಕ್ಯಾಲೆಂಡರಿನಲ್ಲಿದ್ದ ಮಕ್ಕಾದ ಚಿತ್ರ ನೋಡಿ ಮಾತಿಲ್ಲದೆ ಎದ್ದುಹೋಯಿತು. ಮಾಮೂ ತಾಟುಗಳನ್ನು ನೋಡುತ್ತಾ ನಿಂತುಬಿಟ್ಟರು. ಪಕ್ಕದ ಟೇಬಲ್ಲಿನಲ್ಲಿ ಹಣೆಗೆ ವಿಭೂತಿ ಹಚ್ಚಿದ ರೈತನೊಬ್ಬ ಉಣ್ಣುತ್ತಿದ್ದ. ‘ಅದನ್ನ ಈ ಕಡೆ ಸರಸ್ರಿ, ರೊಟ್ಟಿ ಆರತಾವ’ ಎಂದು ಒಂದು ತಾಟು ಎಳೆದುಕೊಂಡ. ಹೋಗುವಾಗ ಎರಡೂ ಊಟದ ಹಣ ಇಟ್ಟ. ಮಾಮೂ ಬೇಡವೆಂದರೂ ಕೇಳಲಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಬೇರೆಯೇ ಒಬ್ಬರ ವಿಷಯ. ಅದನ್ನು ಇಷ್ಟು ಹೊತ್ತು ಮುಂದೂಡುತ್ತಾ ಬಂದೆ.

ಇಳಕಲ್‌ನ ಆ ಅಂಗಡಿಗೆ ಒಬ್ಬ ಮುದುಕಿ ವಾರಕ್ಕೊಮ್ಮೆ ಬರುತ್ತಿದ್ದರು. ‘ತಂಗೀ, ಆ ಸೆರಗು ಸ್ವಲ್ಪ ತೋರಸವ್ವಾ’ ಎನ್ನುವರು. ಸೀರೆ ಬಿಚ್ಚಿದರೆ ಬಣ್ಣ ನೋಡುವುದಿಲ್ಲ, ಬೆಲೆ ಕೇಳುವುದಿಲ್ಲ. ಸೆರಗನ್ನು ಹಿಂಬದಿಗೆ ತಿರುಗಿಸಿ, ಒಡಲಿಗೆ ಅದು ಕೂಡುವ ಜಾಗವನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಿನಿಂದ ಸವರುವರು. ಎರಡು ಮೂರು ಸೀರೆ ಹಾಗೆ ಸವರಿ, ‘ನೋಡಾಕ ಬಂದಿದ್ನಿ’ ಎಂದು ಹೊರಡುವರು. ಸಾಹುಕಾರರಿಗೆ ಅನುಮಾನ. ‘ಆಕಿ ಮ್ಯಾಲ ಒಂದು ಕಣ್ಣಿಡು’ ಎಂದಿದ್ದರು.

ಒಂದು ದಿನ ಗುಳೇದಗುಡ್ಡದ ಎರಡು ಖಣ ಲೆಕ್ಕಕ್ಕೆ ಕಡಿಮೆ ಬಂದವು. ಮುದುಕಿ ಆಗಷ್ಟೇ ಮೆಟ್ಟಿಲು ಇಳಿಯುತ್ತಿದ್ದರು. ಸಾಹುಕಾರರು ಏನೂ ಹೇಳಿರಲಿಲ್ಲ. ಅವರ ಮೆಚ್ಚುಗೆ ಪಡೆಯುವ ಆಸೆ ನನಗೇ ಇತ್ತು. ಓಡಿಹೋಗಿ ನಾಲ್ಕು ಜನರೆದುರು ಚೀಲ ತೆರೆಸಿದೆ. ಬಟ್ಟೆಯಲ್ಲಿ ಸುತ್ತಿದ ಎರಡು ಕಟಕ ರೊಟ್ಟಿ, ಎಲೆ ಅಡಿಕೆ ಚಂಚಿ, ಕಣ್ಣಿಗೆ ಹಾಕುವ ಔಷಧಿಯ ಒಂದು ಸಣ್ಣ ಬಾಟಲಿ. ಅಷ್ಟೇ. ಅವರು ಒಂದು ಮಾತೂ ಆಡದೆ, ಎಲ್ಲವನ್ನೂ ತಡಕಾಡಿ ಚೀಲಕ್ಕೆ ತುಂಬಿಕೊಂಡು ಹೋದರು. ಖಣಗಳು ಸಂಜೆ ಸಿಕ್ಕವು, ನಾನೇ ಅವಸರದಲ್ಲಿ ಮಡಚಿಟ್ಟ ಒಂಬತ್ತು ವಾರದ ಸೀರೆಯೊಂದರ ಮಡಿಕೆಯೊಳಗೆ.

ಸೀರೆ ತಂದುಕೊಡುವ ನೇಕಾರರೊಬ್ಬರಿಗೆ ಇದನ್ನು ಹೇಳಿದಾಗ ಅವರು ತಲೆಗೆ ಕೈ ಹಚ್ಚಿಕೊಂಡರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಎಳೆ ಎಳೆಗೆ ಕುಣಿಕೆ ಹಾಕಿ ಅವೆರಡನ್ನು ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಪ್ರತಿಯೊಂದು ಸೀರೆಗೂ ಹೊಸದಾಗಿ ಆ ಕೆಲಸ ಆಗಬೇಕು. ನೇಕಾರರ ಮನೆಗಳಲ್ಲಿ ಹೆಂಗಸರ ಪಾಲಿಗೂ ಅದು ಬರುತ್ತದೆ. ಆ ಮುದುಕಿ ಬಹಳ ವರ್ಷ ಕೊಂಡಿ ಹಾಕಿದವರಂತೆ. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟಿತ್ತು. ಪವರ್‌ಲೂಮಿನ ಕೊಂಡಿಯಿಲ್ಲದ ಸೀರೆಗಳು ಪೇಟೆ ತುಂಬುತ್ತಿದ್ದ ದಿನಗಳವು. ಕೈ ಕೆಲಸದ್ದು ಇನ್ನೂ ಬರುತ್ತಿದೆಯೋ ಎಂದು ಬೆರಳಿನಿಂದ ನೋಡಿ ಹೋಗುತ್ತಿದ್ದರು.

ಎರಡು ವಾರ ಕಾದೆ. ಬರಲಿಲ್ಲ. ನೇಕಾರರ ಓಣಿ ಹುಡುಕಿಕೊಂಡು ಹೋದರೆ ಮನೆಗೆ ಬೀಗ. ಮಗಳ ಊರಿಗೆ ಹೋದರೆಂದರು ಒಬ್ಬರು. ಯಾವ ಊರೆಂದು ಓಣಿಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮನುಷ್ಯರ ಹಕ್ಕಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಮನ್ನಿಸಬೇಕು ಎಂದು ಮದ್ರಸದಲ್ಲಿ ನಾನು ಓದಿದ್ದೆ, ಈಗ ಕಲಿಸುತ್ತೇನೆ. ಆ ಪಾಠ ಬಂದಾಗ ಬೇಗ ಮುಗಿಸಿ ಮುಂದಿನ ಪುಟಕ್ಕೆ ಹೋಗುತ್ತೇನೆ ಎಂಬುದನ್ನು ಮಕ್ಕಳು ಗಮನಿಸಿದ್ದಾರೋ ಇಲ್ಲವೋ.

ಕಳೆದ ಈದ್‌ಗೆ ಮುನ್ನ ಮಗಳೊಂದಿಗೆ ಇಳಕಲ್‌ಗೆ ಹೋಗಿದ್ದೆ. ಸೆರಗು ತಿರುಗಿಸಿ ಬೆರಳಾಡಿಸುತ್ತಾ ಕುಳಿತಿದ್ದೆ. ‘ಅಮ್ಮೀ, ಎಷ್ಟು ಹೊತ್ತು?’ ಎಂದು ಮಗಳು ಸಿಡಿಮಿಡಿಗೊಂಡಳು. ಸೀರೆ ತೋರಿಸುತ್ತಿದ್ದ ಹುಡುಗಿ ಇನ್ನೂ ಎರಡು ಬಿಚ್ಚಿ ಮುಂದೆ ಹಾಕಿ, ‘ನೋಡ್ರಿ ಅಕ್ಕಾರ, ಸಾವಕಾಶ ನೋಡ್ರಿ’ ಎಂದಳು.