ನಾಲ್ಕು ಊರು, ಒಂದು ಪುಟ್ಟ ಕಾರು

ಸಹೋದರಿಯರೇ, ನಿಮ್ಮ ಮನೆಯಂಗಳದಲ್ಲಿ ಕಾರು ಇದೆಯೇ? ಇದ್ದರೆ ಅದರ ಸ್ಟೇರಿಂಗ್ ಹಿಂದೆ ನೀವು ಎಷ್ಟು ಸಲ ಕುಳಿತಿದ್ದೀರಿ? ಲೈಸೆನ್ಸ್ ಮಾಡಿಸಿ, ಅದನ್ನು ಬೀರುವಿನಲ್ಲಿ ಮದುವೆ ಸೀರೆಯ ಜೊತೆಗೆ ಮಡಚಿಟ್ಟವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನೂ ನಾಲ್ಕು ವರ್ಷ ಹಾಗೆಯೇ ಇಟ್ಟಿದ್ದೆ. ತವರಿಗೆ ಹೋಗಬೇಕಾದರೆ ಮನೆಯವರ ರಜೆಗೆ ಕಾಯಬೇಕು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಆಟೋಗೆ ಕಾಯಬೇಕು. ಆದ್ದರಿಂದ ಈ ಸಲ ನಿಮ್ಮನ್ನು ಕರೆದೊಯ್ಯುತ್ತಿರುವ ಪ್ರವಾಸ ದೂರದ್ದಲ್ಲ. ಬೆಂಗಳೂರಿನ ಪಕ್ಕದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಒಂದೇ ಷರತ್ತು, ಕಾರು ನೀವೇ ಓಡಿಸಬೇಕು.

ಯಾವ ಕಾರು ಎಂದು ಕೇಳುವಿರಿ. ದೊಡ್ಡದೇನೂ ಬೇಡ. ನೋಡಲು ಸ್ವಲ್ಪ ಎತ್ತರ, ಉದ್ದದಲ್ಲಿ ನಾಲ್ಕು ಮೀಟರಿಗಿಂತ ಕಡಿಮೆ, ಒಳಗೆ ಒಂದು ಲೀಟರಿನ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಅದಕ್ಕೊಂದು ಟರ್ಬೊ. ಇಂತಹ ಗಾಡಿಗಳು ಈಗ ಬೀದಿ ಬೀದಿಯಲ್ಲಿವೆ. 2020ರ ಡಿಸೆಂಬರಿನಲ್ಲಿ ಬಂದ ನಿಸ್ಸಾನ್ ಮ್ಯಾಗ್ನೈಟ್ ಇವುಗಳಲ್ಲಿ ಅಗ್ಗದ್ದೆಂದು ಹೆಸರು ಮಾಡಿತು. ಟರ್ಬೊ ಇಲ್ಲದ ಮಾದರಿಯ ಆರಂಭದ ಬೆಲೆ ಆಗ 4.99 ಲಕ್ಷ ರೂಪಾಯಿ. ಮರುವರ್ಷವೇ ಅದರ ಸೋದರಿಯಂತೆ ರೆನೊ ಕೈಗರ್ ಬಂತು. ಎರಡೂ ತಯಾರಾಗುವುದು ಚೆನ್ನೈ ಬಳಿಯ ಒರಗಡಂನಲ್ಲಿ. ಕಾರು ನಾಲ್ಕು ಮೀಟರಿನೊಳಗೇ ಏಕೆ ನಿಲ್ಲುತ್ತದೆ ಗೊತ್ತೇ? 2006ರಲ್ಲಿ ಕೇಂದ್ರ ಸರಕಾರ ನಾಲ್ಕು ಮೀಟರಿಗಿಂತ ಗಿಡ್ಡವಾದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ತೆರಿಗೆ ಇಳಿಸಿತು. ಅಂದಿನಿಂದ ಕಂಪೆನಿಯವರು ಟೇಪು ಹಿಡಿದೇ ಕಾರು ಮಾಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಇಂತಹ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ.

ಬೆಲೆಯ ಮಾತು ಬಂದಾಗ ಇನ್ನೊಂದು ಮಾತು. ಶೋರೂಮಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಸಾಲದ್ದು. ಎಷ್ಟು ಕಂತು, ಎಷ್ಟು ವರ್ಷ? ಬಡ್ಡಿಯಿಲ್ಲದೆ ಕೊಳ್ಳುತ್ತೇವೆ ಎಂದರೆ ಆ ಹುಡುಗ ನಮ್ಮನ್ನು ಬೇರೆ ಗ್ರಹದಿಂದ ಬಂದವರಂತೆ ನೋಡಿದ. ನಾವು ಮೂರು ವರ್ಷ ಕಾದೆವು. ಮನೆಯವರ ಉಳಿತಾಯ, ನಮ್ಮ ಓಣಿಯ ಹೆಂಗಸರ ಬಡ್ಡಿಯಿಲ್ಲದ ಚೀಟಿಯ ಹಣ, ನನ್ನ ಹೊಲಿಗೆಯ ದುಡ್ಡು ಸೇರಿಸಿ, ಒಬ್ಬರು ಬಳಸಿದ್ದ ಗಾಡಿ ತಂದೆವು. ಹೊಸದರ ವಾಸನೆ ಇರಲಿಲ್ಲ, ಆದರೆ ಅಲ್‌ಹಮ್ದುಲಿಲ್ಲಾಹ್, ತಿಂಗಳ ಐದನೇ ತಾರೀಕು ಬಂದಾಗ ಎದೆ ಡವಗುಟ್ಟುವುದಿಲ್ಲ.

ಇನ್ನು ಟರ್ಬೊ ಎಂದರೇನು? ಅಜ್ಜಿಯ ಊದುಗೊಳವೆ ನೆನಪಿದೆಯೇ? ಹಸಿ ಸೌದೆ ಹೊಗೆಯಾಡುವಾಗ ಒಂದು ಸಲ ಊದಿದರೆ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಒಲೆ ಅದೇ, ಸೌದೆಯೂ ಅದೇ, ಗಾಳಿ ಮಾತ್ರ ಹೆಚ್ಚು. ಟರ್ಬೊ ಮಾಡುವುದೂ ಇದನ್ನೇ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುರುಕುತ್ತದೆ. ಹೀಗೆ 999 ಸಿಸಿಯ ಮ್ಯಾಗ್ನೈಟ್ ಎಂಜಿನ್ 100 ಅಶ್ವಶಕ್ತಿ ಕೊಡುತ್ತದೆ. ಆದರೆ ಇಲ್ಲೊಂದು ಗುಟ್ಟಿದೆ. ಹೊಗೆ ಜೋರಾಗದೆ ಚಕ್ರ ತಿರುಗದು, ಚಕ್ರ ತಿರುಗದೆ ಬಲ ಬಾರದು. ಎಂಜಿನ್ ಎರಡು ಸಾವಿರ ಸುತ್ತಿನ ಕೆಳಗಿದ್ದರೆ ಇಂತಹ ಗಾಡಿ ಮುನಿಸಿಕೊಂಡ ಮಗುವಿನಂತೆ. ಇದನ್ನು ನನಗೆ ಡ್ರೈವಿಂಗ್ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಕನಕಪುರದ ರಸ್ತೆ ಹೇಳಿತು. ಅದನ್ನು ಮುಂದೆ ಹೇಳುತ್ತೇನೆ.

ಫಜ್ರ್ ನಮಾಝ್ ಮುಗಿಸಿ, ಪ್ರಯಾಣದ ದುಆ ಹೇಳಿ ಹೊರಡಿ. ಕೆಂಗೇರಿ ದಾಟಿದ ಮೇಲೆ ನಿಮ್ಮ ಮುಂದೆ ಎರಡು ದಾರಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್ ದಾರಿ ಒಂದು, ಅದರ ಪಕ್ಕದ ಹಳೆಯ ರಸ್ತೆ ಇನ್ನೊಂದು. ಎಕ್ಸ್‌ಪ್ರೆಸ್ ದಾರಿ ನಯವಾಗಿದೆ, ನಿಜ. ಆದರೆ ಮೊದಮೊದಲು ಅಲ್ಲಿ ಅಪಘಾತಗಳು ಹೆಚ್ಚಿ, 2023ರ ಆಗಸ್ಟಿನಿಂದ ಬೈಕು, ಆಟೋಗಳನ್ನು ಅದರ ಮುಖ್ಯ ಪಥದಿಂದ ಹೊರಗಿಟ್ಟರು. ಕಾರುಗಳ ವೇಗಕ್ಕೆ ಗಂಟೆಗೆ 100 ಕಿ.ಮೀ. ಮಿತಿ ಹಾಕಿದರು. ನಿಮ್ಮ ಕಾರು 80 ದಾಟಿದ ಕೂಡಲೇ ಟಿಂಗ್ ಎನ್ನುತ್ತದೆ. ಅದನ್ನು ಕೆಟ್ಟುಹೋಗಿದೆ ಎಂದು ತಿಳಿಯಬೇಡಿ. 2019ರ ಜುಲೈ ನಂತರದ ಎಲ್ಲ ಕಾರುಗಳಿಗೂ ಅದು ಕಡ್ಡಾಯ. ಈ ದಾರಿ ರಾಮನಗರ, ಚನ್ನಪಟ್ಟಣಗಳನ್ನು ಸುಮಾರು 22 ಕಿ.ಮೀ. ಬೈಪಾಸಿನಲ್ಲಿ ಬದಿಗಿಟ್ಟು ಹೋಗುತ್ತದೆ. ನಮಗೆ ಬೇಕಾದದ್ದೇ ಆ ಎರಡು ಊರು. ಹಳೆಯ ರಸ್ತೆಯಲ್ಲೇ ಹೋಗಿ. ಕಲಿಯುವ ಕೈಗೂ ಅದೇ ಒಳ್ಳೆಯದು.

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವ ಮಕ್ಕಳನ್ನು ನಾನು ಕಂಡಿಲ್ಲ. ಅಲ್ಲೇ ಟೊಯೋಟಾ ಕಾರ್ಖಾನೆಯಿದೆ. ನಮ್ಮ ಎಷ್ಟೋ ಕುಟುಂಬಗಳು ಮದುವೆ ದಿಬ್ಬಣಕ್ಕೆ ಹತ್ತಿ ಕುಳಿತ ಕ್ವಾಲಿಸ್ ಗಾಡಿ 2000ದಲ್ಲಿ ಹೊರಬಂದದ್ದು ಈ ಊರಿನಿಂದ. ಹತ್ತು ಜನ, ಎರಡು ಬಿರಿಯಾನಿ ದೇಗ್ಚಿ, ಎಲ್ಲವೂ ಅದರಲ್ಲಿ ಹಿಡಿಯುತ್ತಿತ್ತು. ನಮ್ಮ ಪುಟ್ಟ ಕಾರಿನಲ್ಲಿ ಐವರು ಕುಳಿತರೆ ಮುಗಿಯಿತು. ನಾದಿನಿಯನ್ನು ಕರೆದುಕೊಂಡರೆ ಅವಳ ಅಕ್ಕನನ್ನು ಬಿಡಬೇಕು, ಈ ಜಗಳಕ್ಕೆ ಟರ್ಬೊದಲ್ಲಿ ಪರಿಹಾರವಿಲ್ಲ.

ರಾಮನಗರ ತಲುಪುವಾಗ ಬೆಳಗ್ಗೆಯಾಗಿದ್ದರೆ ಸರಕಾರಿ ರೇಷ್ಮೆಗೂಡು ಮಾರುಕಟ್ಟೆ ನೋಡಿ. ಹಳದಿ, ಬಿಳಿ ಗೂಡುಗಳ ರಾಶಿ, ರೈತರು, ರೀಲರುಗಳು. ಕೂಗಿ ಹರಾಜು ಹಾಕುತ್ತಿದ್ದ ಕಾಲ ಹೋಗಿ ಈಗ ಇ-ಹರಾಜು ನಡೆಯುತ್ತದೆ. ಇಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಓಣಿಯೊಳಗೆ ನಡೆದರೆ ಬೇಯುವ ಗೂಡಿನ ವಾಸನೆ ಮೂಗಿಗೆ ಬಡಿಯುತ್ತದೆ. ಬಿಸಿನೀರಿನಲ್ಲಿ ಕೈಯದ್ದಿ ಎಳೆ ಹುಡುಕುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಬೆರಳುಗಳ ಚರ್ಮವನ್ನು ಒಮ್ಮೆ ನೋಡಿದರೆ, ಮುಂದಿನ ಈದ್‌ಗೆ ರೇಷ್ಮೆ ಸೀರೆಯ ಬೆಲೆ ಚೌಕಾಸಿ ಮಾಡುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ. ಈ ಊರು ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಶೀರಾಬಾದ್, ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ. 2007ರಲ್ಲಿ ಜಿಲ್ಲೆಯಾಯಿತು. ಆ ಜಿಲ್ಲೆಯ ಹೆಸರನ್ನೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಿಸಿದರು. ಪಟ್ಟಣ ಮಾತ್ರ ರಾಮನಗರವೇ. 1975ರ ಶೋಲೆ ಚಿತ್ರದ ಬಂಡೆಗಳಿರುವ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಮಕ್ಕಳಿಗೆ ಗಬ್ಬರನಿಗಿಂತ ರಣಹದ್ದನ್ನೇ ತೋರಿಸಿ.

ಅಲ್ಲಿಂದ ಚನ್ನಪಟ್ಟಣ ಹತ್ತೇ ಕಿ.ಮೀ. ನಡುವೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಗುತ್ತದೆ. ಅದಕ್ಕೇ ಅರ್ಧ ದಿನ ಬೇಕು, ಇನ್ನೊಮ್ಮೆ ನೋಡಿ. ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದೆ ಮೊದಲು ಮೈಸೂರಿಗೆ ಹೋಗುವ ಪ್ರತಿ ಬಸ್ಸು, ಕಾರು ನಿಲ್ಲುತ್ತಿತ್ತು. ಬೈಪಾಸ್ ಆದ ಮೇಲೆ ಗಿರಾಕಿ ಮೇಲಿನ ದಾರಿಯಲ್ಲಿ ಹಾರಿಹೋಗುತ್ತಾನೆ. ಒಂದು ಅಂಗಡಿಯಲ್ಲಿ ಅಮ್ಮೀಜಾನ್ ವಯಸ್ಸಿನ ಒಬ್ಬರು ನಮ್ಮನ್ನು ಕೂರಿಸಿ ಚಹಾ ಕೊಟ್ಟು ಹೇಳಿದರು, "ಬೇಟಿ, ನೀವು ಮೈಸೂರಿಗೆ ಹೋಗದೆ ಇಲ್ಲಿಗೇ ಅಂತ ಬಂದಿದ್ದೀರಲ್ಲ, ಅದೇ ಖುಷಿ." ನಾವು ಕೊಂಡದ್ದು ಮುನ್ನೂರು ರೂಪಾಯಿಯ ಬುಗುರಿ, ಗಿಲಕಿ ಮಾತ್ರ. ನನಗೆ ನಾಚಿಕೆಯಾಗಿ ಇನ್ನೊಂದು ರೈಲುಬಂಡಿ ತೆಗೆದುಕೊಂಡೆ.

ಆ ಕೆಲಸ ನೋಡುವುದೇ ಚೆಂದ. ಹಾಲೆಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತಿರುತ್ತದೆ, ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂಬ ಮಾತು ಇಲ್ಲಿ ಪ್ರತಿ ಅಂಗಡಿಯಲ್ಲಿ ಕೇಳುವಿರಿ. ನಂತರ ಈ ಕಲೆಯನ್ನು ಬೆಳೆಸಿದ ಬಾವಾಸ್ ಮಿಯಾ ಅವರ ಹೆಸರನ್ನೂ ಹೇಳುತ್ತಾರೆ. ಪಟ್ಟಣದ ಉತ್ತರಕ್ಕೆ ಎರಡು ಹಳೆಯ ಗೋರಿಗಳಿವೆ. ಒಂದು ಟಿಪ್ಪುವಿನ ಗುರು ಅಖಿಲ್ ಶಾಹ್ ಖಾದ್ರಿಯವರದ್ದು. ಇನ್ನೊಂದು ಬೆಂಗಳೂರಿನ ಕಿಲ್ಲೇದಾರರಾಗಿದ್ದ ಸಯ್ಯಿದ್ ಇಬ್ರಾಹೀಮರದ್ದು. ಯುದ್ಧಕೈದಿಗಳಾಗಿ ಸಿಕ್ಕ ಬ್ರಿಟಿಷರನ್ನು ಕರುಣೆಯಿಂದ ನಡೆಸಿಕೊಂಡರೆಂದು ಶತ್ರುಗಳೇ ಬರೆದಿಟ್ಟಿದ್ದಾರೆ. ಮಕ್ಕಳಿಗೆ ಈ ಎರಡನೆಯ ಹೆಸರನ್ನು ಹೇಳಿಕೊಡಿ.

ಝುಹರ್ ವೇಳೆಗೆ ಒಂದು ಕಷ್ಟ ಎದುರಾಗುತ್ತದೆ. ಮಸೀದಿ ಬೇಕಾದಷ್ಟಿವೆ, ಹೆಂಗಸರಿಗೆ ಜಾಗ ಎಲ್ಲ ಕಡೆ ಇಲ್ಲ. ಡಿಕ್ಕಿಯಲ್ಲಿ ಎರಡು ಕ್ಯಾನ್ ನೀರು, ಚಾಪೆ, ಒಂದು ಹಳೆಯ ದುಪಟ್ಟಾ ಸದಾ ಇರಲಿ. ಮ್ಯಾಗ್ನೈಟಿನಂತಹ ಗಾಡಿಯ ಡಿಕ್ಕಿ 336 ಲೀಟರಿನದ್ದು, ಇದಕ್ಕೆಲ್ಲ ಧಾರಾಳ ಸಾಕು. ಇಷ್ಟಕ್ಕೆ ಮೊದಲ ದಿನ ಮುಗಿಯಿತು. ನಾಲ್ಕೂ ಊರನ್ನು ಒಂದೇ ದಿನಕ್ಕೆ ತುರುಕಬೇಡಿ.

ಇನ್ನೊಂದು ಭಾನುವಾರ ಕನಕಪುರಕ್ಕೆ ಹೊರಡಿ. ಹಿಂದಿನ ಕಂಕಣಹಳ್ಳಿ ಅದು. ಬೆಂಗಳೂರಿನಿಂದ ಸುಮಾರು 55 ಕಿ.ಮೀ., ಅಲ್ಲಿಂದ ಮುಂದೆ ಕಾಡಿನ ದಾರಿಯಲ್ಲಿ ಸಂಗಮ. ರಾಮನಗರದ ನಡುವೆ ಹರಿದು ಬಂದ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮೇಕೆದಾಟು ನೋಡಬೇಕಾದರೆ ಕಾರನ್ನು ಇಲ್ಲೇ ಬಿಟ್ಟು, ನೀರು ದಾಟಿ, ಅಲ್ಲಿನ ಬಸ್ಸಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ನೀರು ಏರಿದರೆ ಆಸೆ ಬಿಡಿ. ಯಾವ ಕಾಲದಲ್ಲೂ ಮಕ್ಕಳ ಕೈ ಬಿಡಬೇಡಿ. ಬಂಡೆ ಜಾರುತ್ತದೆ, ಸುಳಿ ಕಾಣುವುದಿಲ್ಲ, ಈಜು ಬಲ್ಲವರೇ ಇಲ್ಲಿ ಮುಳುಗಿದ್ದಾರೆ.

ಮರಳುವಾಗ ಏರು. ಆ ದಿನ ಮುಂದಿನ ಸೀಟಿನಲ್ಲಿ ಅತ್ತೆ, ಹಿಂದೆ ಮೂವರು ಮಕ್ಕಳು, ಎಸಿ ಹಾಕಿದ್ದೆ. ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಬ್ರೇಕ್ ಒತ್ತಿದೆ. ಲಾರಿ ಹೋದ ಮೇಲೆ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಕಾರು ಏರುವುದೇ ಇಲ್ಲ! ಒಂದು ಕ್ಷಣ ಗುಂಯ್ ಎಂದು ನಿಂತೇಬಿಟ್ಟಿತು. ಹಿಂದೆ ಬಸ್ಸಿನ ಹಾರ್ನ್. ಗಾಡಿ ಹಿಂದಕ್ಕೆ ಒಂದು ಗೇಣು ಜಾರಿತು. ನನ್ನ ಕೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಇಳಿದು ಬಸ್ಸಿನ ಡ್ರೈವರನನ್ನೇ "ಅಣ್ಣಾ, ಸ್ವಲ್ಪ ಹತ್ತಿಸಿಕೊಡಿ" ಎಂದು ಕೇಳೋಣ ಎನಿಸಿತು. ಕೇಳಿದ್ದರೆ ಲೈಸೆನ್ಸ್ ಮತ್ತೆ ಬೀರುವಿಗೇ ಹೋಗುತ್ತಿತ್ತೋ ಏನೋ. ಅತ್ತೆ ತಸ್ಬೀಹ್ ನಿಲ್ಲಿಸದೆ ಮೆಲ್ಲಗೆ, "ಅವನು ಹಾರ್ನ್ ಹೊಡೀಲಿ ಬಿಡು, ನೀನು ನಿನ್ನ ಕೆಲಸ ಮಾಡು" ಎಂದರು. ಹ್ಯಾಂಡ್‌ಬ್ರೇಕ್ ಎಳೆದೆ. ಎಸಿ ಆರಿಸಿದೆ. ಒಂದನೇ ಗೇರು ಹಾಕಿ, ಮುಳ್ಳು ಎರಡು ಸಾವಿರ ದಾಟುವವರೆಗೆ ಒತ್ತಿ, ಕ್ಲಚ್ ಮೆಲ್ಲಗೆ ಬಿಡುತ್ತಾ ಬ್ರೇಕ್ ಇಳಿಸಿದೆ. ಅಜ್ಜಿಯ ಒಲೆ ಭಗ್ಗನೆ ಹತ್ತಿತು. ತಪ್ಪು ಗಾಡಿಯದ್ದಲ್ಲ, ನನ್ನದು. ದೊಡ್ಡ ಡೀಸೆಲ್ ಗಾಡಿಯವರು ಮೂರನೇ ಗೇರಿನಲ್ಲೇ ಎಳೆಯುವುದನ್ನು ನೋಡಿ ನಾನೂ ಹಾಗೆಯೇ ಮಾಡಿದ್ದೆ. ಪುಟ್ಟ ಟರ್ಬೊಗೆ ಏರಿನಲ್ಲಿ ಮೊದಲೇ ಗೇರು ಇಳಿಸಬೇಕು, ನಿಂತ ಮೇಲಲ್ಲ.

ಈ ಪಾಠ ಕಲಿತಿದ್ದರೆ ಮಾಗಡಿ ಸುಲಭ. ಕೆಂಪೇಗೌಡರ ಊರು ಅದು. ಹಳ್ಳಿ ರಸ್ತೆಯ ಹಂಪುಗಳಿಗೆ ಗಾಡಿಯ ಎತ್ತರ ಚೆನ್ನಾಗಿ ಒದಗುತ್ತದೆ. ಮ್ಯಾಗ್ನೈಟಿನಲ್ಲಿ ಹೊಟ್ಟೆಗೂ ನೆಲಕ್ಕೂ 205 ಮಿಲಿಮೀಟರ್ ಅಂತರ, ಹಳೆಯ ಪುಟ್ಟ ಕಾರುಗಳಂತೆ ಪ್ರತಿ ಹಂಪಿಗೂ "ಯಾ ಅಲ್ಲಾಹ್" ಎನ್ನಬೇಕಿಲ್ಲ. ದಾರಿಯಲ್ಲಿ ಮತ್ತೆ ಅರ್ಕಾವತಿ ಸಿಗುತ್ತಾಳೆ. 1933ರಲ್ಲಿ ಬೆಂಗಳೂರಿಗೆ ನೀರು ಕೊಡಲು ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ, ಅದರ ಕೆಳಗೆ ಮಂಚನಬೆಲೆ. ಸಾವನದುರ್ಗ 1226 ಮೀಟರ್ ಎತ್ತರದ ಒಂಟಿ ಬಂಡೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಇದನ್ನು ಟಿಪ್ಪುವಿನ ಕೈಯಿಂದ ಕಿತ್ತುಕೊಂಡಿತು. ಹತ್ತುವುದು ಎಲ್ಲರಿಗೂ ಆಗದು. ಅತ್ತೆ ಕೆಳಗೆ ಮರದ ನೆರಳಿನಲ್ಲಿ ಅಸರ್ ನಿರ್ವಹಿಸಿದರು, ಮಕ್ಕಳು ಅರ್ಧ ಬಂಡೆ ಹತ್ತಿ ಕೂಗಿದರು.

ಹೊರಡುವ ಮೊದಲು ಎರಡು ಸಣ್ಣ ಮಾತು. ಈ ಬಗೆಯ ಎಂಜಿನ್ನಿಗೆ ಆಯಿಲ್ ಬದಲಿಸುವ ದಿನ ತಪ್ಪಿಸಬೇಡಿ, ಆ ಲಕ್ಷ ಸುತ್ತಿನ ಚಕ್ರ ನಿಂತಿರುವುದೇ ಆಯಿಲಿನ ತೆಳು ಪದರದ ಮೇಲೆ. ಏರು ಹತ್ತಿ ಬಂದು ನಿಂತ ಕೂಡಲೇ ಕೀ ತೆಗೆಯದೆ ಅರ್ಧ ನಿಮಿಷ ಸುಮ್ಮನೆ ಓಡಲು ಬಿಡಿ. ಅತ್ತೆಗೆ ಇದು ಗೊತ್ತಾದ ಮೇಲೆ, ಮನೆ ಮುಂದೆ ಕಾರು ನಿಲ್ಲಿಸಿದಾಗಲೆಲ್ಲ ಅವರು ಇಳಿಯುವುದಿಲ್ಲ. ತಸ್ಬೀಹಿನ ಮೂವತ್ತು ಮಣಿ ಎಣಿಸಿ, "ಈಗ ಆರಿಸು" ಎನ್ನುತ್ತಾರೆ.